ಫೋನು ಓದುತ್ತೆ ಸರಿ, ಓಟು ಒತ್ತುತ್ತಾ?

ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ಕಣ್ಣು ಕಳೆದುಕೊಂಡವರಿಗೆ ಊರವರದ್ದೆಲ್ಲ ಒಂದೇ ಉಪದೇಶ: "ಈ ವಯಸ್ಸಲ್ಲಿ ಬ್ರೈಲ್ ಯಾಕ್ರೀ? ಫೋನೇ ಎಲ್ಲ ಓದಿ ಹೇಳುತ್ತಲ್ಲ!"

ಹೇಳುತ್ತೆ, ನಿಜ. ಪೇಪರು, ಮೆಸೇಜು, ಬ್ಯಾಂಕಿನ ಲೆಕ್ಕ ಎಲ್ಲ ಹೇಳುತ್ತೆ. ಕಂಪ್ಯೂಟರಿಗೆ 2006ರಲ್ಲಿ ಬಂದ ಎನ್‌ವಿಡಿಎಗೆ ಕಾಸೂ ಕೊಡಬೇಕಿಲ್ಲ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮರಗಟ್ಟಿದವರಿಗೆ ಚುಕ್ಕಿ ಹಿಡಿಯುವುದೇ ಕಷ್ಟ. ಅವರಿಗೆ ಆ ದನಿಯೇ ದಿಕ್ಕು.

ಆದರೆ ಕೇಳುವುದೇ ಬೇರೆ, ಓದುವುದೇ ಬೇರೆ. 'ಶ'ವೋ 'ಷ'ವೋ ಕಿವಿಗೆ ಥಟ್ಟನೆ ತಿಳಿಯದು, ಬೆರಳಿಗೆ ತಿಳಿಯುತ್ತೆ. ಮತಯಂತ್ರದ ಗುಂಡಿಗಳ ಪಕ್ಕದಲ್ಲೇ ಬ್ರೈಲ್ ಅಂಕಿ ಇದೆ. ಬೂತಿನೊಳಗೆ ಫೋನಿಗೆ ಪ್ರವೇಶವಿಲ್ಲ. ಅಂಕಿ ಬಾರದವರು ಜೊತೆಗಾರನ ಕೈಲಿ ಒತ್ತಿಸಬೇಕು. ಆಮೇಲೆ ಗುಟ್ಟಿನ ಮತ ಗುಟ್ಟಾಗಿ ಉಳಿಯಿತೇ?

ಇರುವುದು ಆರೇ ಚುಕ್ಕಿ ಸ್ವಾಮಿ! 1951ರ ಭಾರತಿ ಬ್ರೈಲ್ ಕನ್ನಡಕ್ಕೂ ಇದೆ. ಪುಸ್ತಕ ಓದುವ ವೇಗ ಬರಲು ಬಹಳ ದಿನ ಬೇಕಾದೀತು. ಹತ್ತು ಅಂಕಿ ಕಲಿಯಲು ಅಷ್ಟು ಬೇಡ. ಅಂಧ ಮಕ್ಕಳಿಗೆ ಶಾಲೆ ಇದೆ. ನಲವತ್ತು ದಾಟಿ ಕತ್ತಲಾದವರು ಎಲ್ಲಿ ಹೋಗಬೇಕು? ತಾಲೂಕಿಗೊಬ್ಬ ಬ್ರೈಲ್ ಮೇಷ್ಟ್ರನ್ನು ಕೊಡಲು ಸರ್ಕಾರಕ್ಕೇನು ಕಷ್ಟ?