ಮೊಬೈಲ್ ಐಪಿ ಈಗಲೂ ಕಲಿಯಬೇಕಾ?

ಗುಳೆ ಹೋದವರ ಹೆಸರಿಗೆ ಊರಿಗೆ ಪತ್ರ ಬಂದರೆ, ಪೋಸ್ಟ್‌ಮ್ಯಾನ್ ಹೊಸ ವಿಳಾಸ ಬರೆದು ಮುಂದಕ್ಕೆ ಕಳಿಸುತ್ತಾರೆ. 1996ರಲ್ಲಿ ಬಂದ ಮೊಬೈಲ್ ಐಪಿ ಮಾಡುವುದೂ ಇದನ್ನೇ. ನೀವು ಎಲ್ಲೇ ಹೋದರೂ ಮೂಲ ವಿಳಾಸ ಬದಲಾಗದು; 'ಹೋಮ್ ಏಜೆಂಟ್' ಡೇಟಾವನ್ನು ನೀವಿರುವಲ್ಲಿಗೆ ದಾಟಿಸುತ್ತದೆ.

ಆದರೆ ನಮ್ಮ ಫೋನುಗಳಲ್ಲಿ ಅದರ ಬಳಕೆ ಅಪರೂಪ. ಬಸ್ಸಿನಲ್ಲಿ ಹೋಗುವಾಗ ಟವರ್ ಬದಲಾದರೂ ಅದೇ ವಿಳಾಸ ಉಳಿಸುವ ಕೆಲಸ 4ಜಿ, 5ಜಿಯಲ್ಲಿ ಜಿಟಿಪಿಯದು. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬಂದಾಗ ಸಂಪರ್ಕ ಕಡಿಯದಿರಲು 2021ರಲ್ಲಿ ಮಾನಕವಾದ ಕ್ವಿಕ್ ಇದೆ.

ಹಾಗಾದರೆ ಪಠ್ಯದಿಂದ ತೆಗೆದುಬಿಡೋಣವೇ? ಬೇಡ ಎನ್ನುತ್ತೇವೆ. ಜಿಟಿಪಿಯ ಒಳಗೂ ಇರುವುದು ಅದೇ ತತ್ವ: ವಿಳಾಸ ಒಂದು ಕಡೆ ನಿಲ್ಲಲಿ, ಡೇಟಾ ಅಲ್ಲಿಂದ ಸುರಂಗದಲ್ಲಿ ಹೋಗಲಿ. ಆ ತತ್ವವನ್ನು ಎರಡು ದಿನ ಚೆನ್ನಾಗಿ ಕಲಿಸಿ. ಸಾಲ ಮಾಡಿ ಓದಿಸುವ ಮನೆಯ ಮಕ್ಕಳಿಂದ ಅದರ ಹೆಡರ್‌ಗಳನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಬೇಡಿ.