‘ಗೊತ್ತಿಲ್ಲ’ ಅನ್ನಾಕ ನಾಚಿಕಿ ಯಾಕ?

ಬಾಜೂ ಮನಿ ಅಕ್ಕಾರ, ಇವತ್ತಿನ ಮಾತು ನಮ್ಮ ಇಸ್ಲಾಮಿನದು, ಆದ್ರ ನಿಮ್ಮ ಮನ್ಯಾಗೂ ಇದ ಕತಿ ಇರಬಹುದು, ಓದ್ರಿ.

ನಾಕ ಮಂದಿ ಹೆಣ್ಮಕ್ಳು ಕೂಡಿದಲ್ಲಿ ನೋಡ್ರಿ. ಮಸಲಾ ಕೇಳಾಕಿ ಒಬ್ಬಾಕಿ, ಹೇಳಾವ್ರು ಹತ್ತು ಮಂದಿ. ರೋಜಾ ಇದ್ದಾಗ ಕಣ್ಣಿಗೆ ಔಷಧ ಹಾಕ್ಕೋಬಹುದೇನು? ಉಗುರಿಗೆ ಬಣ್ಣ ಇದ್ರ ವುಜೂ ಆಗತೈತೇನು? ಗಂಡ ತೀರಿದಾಕಿ ಇದ್ದತ್ತಿನಾಗ ದವಾಖಾನಿಗೆ ಹೋಗಬಹುದೇನು? ಪ್ರಶ್ನೆ ಮುಗಿಯೂದರಾಗ ಉತ್ತರ ಬಂದ ಬಿಡತೈತಿ. ಒಬ್ಬಾಕಿ ‘ನಮ್ಮ ನಾನಿ ಹಿಂಗ ಮಾಡ್ತಿದ್ರು’ ಅಂತಾಳ. ಇನ್ನೊಬ್ಬಾಕಿ ‘ಮೊಬೈಲಿನಾಗ ಬಂದೈತಿ’ ಅಂತಾಳ. ಮೂರನೇದಾಕಿ ‘ಹಂಗ ಮಾಡಿದ್ರ ಗುನಾ ನೋಡವಾ’ ಅಂದು ಮಾತು ಮುಗಿಸ್ತಾಳ. ಚಪಾತಿ ಹಿಟ್ಟಿಗೆ ನೀರು ಎಷ್ಟು ಅಂತ ಕೇಳಿದ್ರ ‘ಹಿಟ್ಟು ನೋಡಿ ಹೇಳ್ತೀನಿ ತಡಿ’ ಅಂತೀವಿ. ಹಲಾಲು-ಹರಾಮು ಕೇಳಿದ್ರ ಮಾತ್ರ ಏನೂ ನೋಡದ ಹೇಳ್ತೀವಿ!

ನನಗ ಅನಸೂದು ಇಷ್ಟ. ದೀನಿನ ವಿಷಯದಾಗ ಗೊತ್ತಿಲ್ಲದ್ದಕ್ಕ ‘ಗೊತ್ತಿಲ್ಲ’ ಅನ್ನೂದು ಸಣ್ಣತನ ಅಲ್ಲ. ಅದೂ ದೀನಿನ ಒಂದು ಭಾಗ.

ಮಾತಿನಾಗ ಮಾತು ಹೋಗತೈತಿ, ಅದರಾಗೇನು ಅಂತೀರಿ? ಅಬೂ ದಾವೂದರ ಹದೀಸ್ ಗ್ರಂಥದಾಗ ಒಂದು ಘಟನಾ ಐತಿ. ಪ್ರಯಾಣದಾಗ ಒಬ್ಬಾತನ ತಲಿಗೆ ಕಲ್ಲು ಬಡದು ಗಾಯ ಆಗಿತ್ತು. ಅದರಾಗ ಆತಗ ಸ್ನಾನ ಕಡ್ಡಾಯ ಆಗೂ ಪರಿಸ್ಥಿತಿ ಬಂತು. ನೀರು ಬಿಟ್ಟು ತಯಮ್ಮುಮ್ ಮಾಡಲೇನು ಅಂತ ಸಂಗಡ ಇದ್ದವರನ್ನ ಕೇಳಿದ. ತಯಮ್ಮುಮ್ ಅಂದ್ರ ಶುದ್ಧ ಮಣ್ಣು ಮುಟ್ಟಿ ಮಾರಿ, ಕೈ ಸವರಿಕೊಳ್ಳೂದು. ನೀರು ಸಿಗಾಕತ್ತೈತಲ್ಲ, ನಿನಗ ಆ ರಿಯಾಯಿತಿ ಇಲ್ಲ ಅಂದ್ರು ಅವ್ರು. ಆತ ಜಳಕಾ ಮಾಡಿದ, ಸತ್ತು ಹ್ವಾದ. ಸುದ್ದಿ ಪೈಗಂಬರರಿಗೆ (ಸ) ಮುಟ್ಟಿದಾಗ ಅವ್ರು ಸಿಟ್ಟಾದ್ರು. ಆತನ್ನ ಕೊಂದವ್ರು ಇವರ ಅನ್ನೂ ಹಂಗ ಮಾತಾಡಿದ್ರು. ಗೊತ್ತಿಲ್ಲದಿದ್ರ ಕೇಳಬೇಕಿತ್ತು, ತಿಳಿಯದಿರೂ ಜಡ್ಡಿಗೆ ಕೇಳೂದ ಔಷಧ ಅನ್ನೂದು ಅವರ ಮಾತಿನ ತಾತ್ಪರ್ಯ. ಹೇಳಿದವ್ರು ಕೆಟ್ಟ ಮಂದಿ ಅಲ್ಲ, ನೆನಪಿಡ್ರಿ. ಒಳ್ಳೇದಾಗ್ಲಿ ಅಂತನ ಹೇಳಿದ್ರು. ಆದ್ರೂ ಜೀವ ಹ್ವಾತು.

ಅದು ಅವಾಗಿನ ಕಾಲದ್ದು ಅನಬ್ಯಾಡ್ರಿ. ನಮ್ಮ ಓಣ್ಯಾಗ ಇನ್ಸುಲಿನ್ ಚುಚ್ಚಿಸಿಕೊಳ್ಳೂ ಒಬ್ಬ ಖಾಲಾಗೆ ರೋಜಾ ಹಿಡೀಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರು. ನೋಡಾಕ ಬಂದ ಹೆಣ್ಮಕ್ಳು ‘ಅಲ್ಲಾನ ಮ್ಯಾಲ ಭರೋಸಾ ಇಡ್ರಿ, ಏನೂ ಆಗೂದಿಲ್ಲ’ ಅಂತ ಹುರುಪು ತುಂಬಿದ್ರು. ಮೂರನೇ ರೋಜಾಕ್ಕ ಜೊಹರ್ ನಮಾಜಿನ ಹೊತ್ತಿಗೆ ಆಕಿ ಮೈಯೆಲ್ಲಾ ಬೆವತು ಬಿದ್ಲು. ದವಾಖಾನ್ಯಾಗ ಗ್ಲೂಕೋಸ್ ಏರಿಸಿದ ಮ್ಯಾಲ ಕಣ್ಣು ಬಿಟ್ಲು. ಹುರುಪು ತುಂಬಿದವ್ರು ಯಾರೂ ಆ ರಾತ್ರಿ ಆಕಿ ಹಾಸಿಗಿ ಬಾಜೂಕ ಇರಲಿಲ್ಲ. ಜಡ್ಡಾದವ್ರು ಬಿಟ್ಟ ರೋಜಾ ಮುಂದ ಬ್ಯಾರೆ ದಿನದಾಗ ತುಂಬಿಕೊಳ್ಳಬಹುದು ಅಂತ ಕುರಾನಿನ ಸೂರಾ ಬಕರಾದ 184, 185ನೇ ಆಯತಿನಾಗ ಐತಿ. ಅಲ್ಲಾನ ಕೊಟ್ಟ ಸವಲತ್ತನ್ನ ಕಸಗೊಳ್ಳಾಕ ನಾವ್ಯಾರು?

ಈಗ ದೊಡ್ಡವರನ್ನ ನೋಡೂಣು. ಬೀಬಿ ಆಯಿಶಾ (ರ) ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್ ಬಂದಾವು. ದೊಡ್ಡ ದೊಡ್ಡ ಸಹಾಬಿಗಳು ಅವರ ಬಾಗಿಲಿಗೆ ಬಂದು ಮಸಲಾ ಕೇಳ್ತಿದ್ರು. ಅಂಥಾವರ ಹಂತೇಲಿ ಶುರೈಹ್ ಬಿನ್ ಹಾನಿ ಅನ್ನಾವ್ರು ಬಂದು, ವುಜೂ ಮಾಡೂವಾಗ ತೊಗಲಿನ ಮೋಜಾ ಕಳೀದ ಮ್ಯಾಲ ಹಸಿ ಕೈ ಸವರೂದರ ಬಗ್ಗೆ ಕೇಳಿದ್ರು. ಬೀಬಿ ಆಯಿಶಾ ಏನಂದ್ರು? ಅಲಿ ಅವರನ್ನ ಕೇಳು, ಪೈಗಂಬರರ ಸಂಗಡ ಪ್ರಯಾಣ ಮಾಡಿದವ್ರು ಅವ್ರು ಅಂತ ಕಳಿಸಿದ್ರು. ಪ್ರಯಾಣದಾಗ ಇದ್ದವ್ರಿಗೆ ಮೂರು ಹಗಲು ಮೂರು ರಾತ್ರಿ, ಊರಾಗ ಇದ್ದವ್ರಿಗೆ ಒಂದು ಹಗಲು ಒಂದು ರಾತ್ರಿ ಅಂತ ಉತ್ತರ ಕೊಟ್ಟವ್ರು ಅಲಿ. ಇದು ಸಹೀಹ್ ಮುಸ್ಲಿಮಿನಾಗ ಐತಿ. ಪೈಗಂಬರರ ಮನಿಯಾಕಿ ‘ಇದು ನನಗಿಂತ ಅವರಿಗೆ ಚೊಲೋ ಗೊತ್ತು’ ಅನ್ನಾಕ ನಾಚಲಿಲ್ಲ. ಅದರಿಂದ ಅವರ ಮಾನ ಕಡಿಮಿ ಆತೇನು?

ಮದೀನಾದ ಇಮಾಮ್ ಮಾಲಿಕ್ ಅವರ ಕತಿನೂ ಹಿಂಗ. ಒಮ್ಮೆ ಅವರಿಗೆ 48 ಪ್ರಶ್ನೆ ಕೇಳಿದ್ರಂತ, 32ಕ್ಕ ‘ನನಗ ಗೊತ್ತಿಲ್ಲ’ ಅಂದ್ರಂತ. ಒಂದು ಮಜಹಬಿಗೆ ಇಮಾಮ್ ಆದವರ ಮಾತು ಇದು. ತುಂಬಿದ ಕೊಡ ತುಳುಕೂದಿಲ್ಲ ಅಂತಾರಲ್ಲ, ಹಂಗ. ಅವರ ಮಾತೂ ಇರಲಿ. ಕಿಯಾಮತ್ ಯಾವಾಗ ಅಂತ ಜಿಬ್ರೀಲರು ಕೇಳಿದಾಗ, ಕೇಳಾವ್ರಿಗಿಂತ ಹೆಚ್ಚೇನೂ ನನಗ ಗೊತ್ತಿಲ್ಲ ಅನ್ನೂ ಅರ್ಥದ ಉತ್ತರ ಸ್ವತಃ ಪೈಗಂಬರರೇ (ಸ) ಕೊಟ್ಟಾರ.

‘ಎಲ್ಲಾದಕ್ಕೂ ಗೊತ್ತಿಲ್ಲ ಅಂತ ಕುಂತ್ರ ಮಕ್ಳಿಗೆ ಕಲಸಾವ್ರು ಯಾರ್ರೀ?’ ಅಂತ ಕೇಳಬಹುದು ನೀವು. ಕೇಳೂದು ಖರೆ ಐತಿ. ಗೊತ್ತಿದ್ದದ್ದನ್ನ ಮುಚ್ಚಿಡೂದೂ ವಿನಯ ಅಲ್ಲ. ಬೀಬಿ ಆಯಿಶಾ ಅವರನ್ನ ಮತ್ತ ನೋಡ್ರಿ. ನಾಯಿ, ಕತ್ತಿ, ಹೆಂಗಸು ಮುಂದ ಹಾದ್ರ ನಮಾಜು ಮುರೀತೈತಿ ಅಂತ ಮಂದಿ ಅವರ ಮುಂದ ಅಂದಾಗ ಸುಮ್ನ ಕುಂದರಲಿಲ್ಲ. ನಮ್ಮನ್ನ ನಾಯಿ-ಕತ್ತಿಗೆ ಸರಿ ಮಾಡಿದ್ರಲ್ಲ ಅಂತ ಆಕ್ಷೇಪ ಎತ್ತಿದ್ರು. ಪೈಗಂಬರರು ನಮಾಜು ಮಾಡೂವಾಗ ನಾನ ಎದುರಿಗೆ ಮಲಗಿರ್ತಿದ್ದೆ ಅಂತ ಕಂಡದ್ದನ್ನ ಹೇಳಿದ್ರು. ಗೊತ್ತಿಲ್ಲದ ಕಡೆ ಅಲಿ ಅವರ ಹಂತೇಲಿ ಕಳಿಸಿದವ್ರು, ಗೊತ್ತಿದ್ದ ಕಡೆ ಗಟ್ಟಿ ನಿಂತ್ರು. ನಮಗ ಬೇಕಾದದ್ದು ಈ ಎರಡೂ.

ನಮ್ಮಾಗ ಭಾಳ ಮಂದಿ ಸಣ್ಣವರಿದ್ದಾಗ ಮಕ್ತಬಿನಾಗ ಅರಬ್ಬಿ ಅಕ್ಷರ ಕಲತು ಕುರಾನ್ ಓದಾಕತ್ತೀವಿ. ಓದೂದು ಸವಾಬಿನ ಕೆಲಸ. ಆದ್ರ ಅಕ್ಷರ ಓದೂದು ಬ್ಯಾರೆ, ಅರ್ಥ ತಿಳಿಯೂದು ಬ್ಯಾರೆ, ಅದರಿಂದ ಮಸಲಾ ತಗಿಯೂದು ಇನ್ನೂ ಬ್ಯಾರೆ. ಹತ್ತು ಖತಮ್ ಮುಗಿಸಿದಾಕಿ ಅಂದ್ರ ಫತ್ವಾ ಕೊಡಾಕಿ ಅಂತಲ್ಲ. ಕನ್ನಡದಾಗ ಕುರಾನಿನ ಅನುವಾದ ಅದಾವು. ಮಧ್ಯಾಹ್ನ ಭಾಂಡೆ ತಿಕ್ಕಿದ ಮ್ಯಾಲ ಅರ್ಧ ತಾಸು ಕುಂತು ಓದ್ರಿ. ನಮಗ ಗೊತ್ತಿಲ್ಲದ್ದು ಎಷ್ಟೈತಿ ಅನ್ನೂದು ಅವಾಗ ತಿಳೀತೈತಿ.

ಮೊಬೈಲಿನಾಗ ‘ಇದನ್ನ ಹತ್ತು ಮಂದಿಗೆ ಕಳಸ್ರಿ, ಇಲ್ಲಾಂದ್ರ ಕೆಟ್ಟದ್ದಾಗತೈತಿ’ ಅಂತ ಹದೀಸಿನ ಹೆಸರಲೆ ಬರತೈತಲ್ಲ, ಅದಕ್ಕೂ ಇದ ಮಾತು. ಯಾವ ಗ್ರಂಥದಾಗ ಐತಿ ಅಂತ ಕಳಿಸಿದಾಕಿನ್ನ ಕೇಳ್ರಿ. ಆಕಿಗೆ ಗೊತ್ತಿಲ್ಲಂದ್ರ ನಿಮ್ಮ ಕಡೆನ ನಿಲ್ಲಸ್ರಿ. ಕೇಳಿದ್ದನ್ನೆಲ್ಲಾ ಹೇಳ್ಕೋತ ಹ್ವಾದ್ರ ಸುಳ್ಳುಗಾರ ಅನಸಿಕೊಳ್ಳಾಕ ಅಷ್ಟ ಸಾಕು ಅನ್ನೂ ಅರ್ಥದ ಹದೀಸೂ ಸಹೀಹ್ ಮುಸ್ಲಿಮಿನ ಮುನ್ನುಡಿಯೊಳಗ ಐತಿ.

ಇನ್ನ ಮಕ್ಳದು. ಹುಡುಗಿ ‘ಅಮ್ಮಿ, ಇದು ಯಾಕ ಹಿಂಗ?’ ಅಂದ್ರ ನಾವು ‘ಹಂಗ ಕೇಳಬಾರದು, ಗುನಾ’ ಅಂತ ಬಾಯಿ ಮುಚ್ಚಸ್ತೀವಿ. ಗುನಾ ಕೇಳಿದಾಕಿದಲ್ಲ. ನಮಗ ಉತ್ತರ ಬರೂದಿಲ್ಲ, ಅದನ್ನ ಒಪ್ಪಾಕ ಮನಸಿಲ್ಲ, ಅಷ್ಟ. ‘ನನಗ ಗೊತ್ತಿಲ್ಲ ಬೇಟಾ, ತಿಳಿದವರನ್ನ ಕೇಳೂಣು’ ಅಂದು ನೋಡ್ರಿ. ತಾಯಿ ಸುಳ್ಳು ಹೇಳೂದಿಲ್ಲ ಅಂತ ಆ ಕೂಸಿಗೆ ಖಾತ್ರಿ ಆಗತೈತಿ. ನಾಳೆ ನಮಾಜಿನ ಬಗ್ಗೆ ನೀವು ಹೇಳಿದ್ದನ್ನ ಆಕಿ ನಂಬೂದು ಆ ಖಾತ್ರಿ ಮ್ಯಾಲ.

ಆದ್ರ ‘ಗೊತ್ತಿಲ್ಲ’ ಅಂದು ಕೈ ಝಾಡಿಸಿ ಏಳಬ್ಯಾಡ್ರಿ. ಕೇಳಿ ಹೇಳ್ತೀನಿ ಅನ್ರಿ, ಖರೇನ ಕೇಳ್ರಿ. ದೀನಿಂದು ಆಲಿಮರನ್ನ, ಜಡ್ಡಿಂದು ಡಾಕ್ಟರನ್ನ, ಬೇಕಾದ್ರ ಇಬ್ಬರನ್ನೂ. ಆಲಿಮರೂ ಫತ್ವಾ ಬರದು ಕಡೀಕ ‘ವಲ್ಲಾಹು ಆಲಮ್’ ಅಂತ ಬರೀತಾರ, ಅಂದ್ರ ಅಲ್ಲಾಗ ಚೊಲೋ ಗೊತ್ತು ಅಂತ. ವರ್ಷಗಟ್ಟಲೆ ಓದಿದವ್ರ ಅಷ್ಟು ಜಾಗಾ ಬಿಟ್ಟ ಮ್ಯಾಲ, ಒಲಿ ಮುಂದ ನಿಂತು ಮಸಲಾ ಹೇಳೂ ನಾವು ಇನ್ನೊಂದೀಟು ಹೆಚ್ಚಿಗೆ ಬಿಡೂಣು.