ಚಳಿ ಮೇಲೆ ಹಾಕಬೇಡಿ, ಮೀಟರ್ ಹಿಡಿಯಿರಿ

ಡಿಸೆಂಬರ್ ಬಂತೆಂದರೆ ವಿಜಯನಗರದಿಂದ ಕೆಂಗೇರಿಯವರೆಗೆ ಬೆಳಗಿನ ಹೊತ್ತು ಒಂದೇ ರಾಗ. ಸೆಲ್ಫ್ ಹೊಡೆದಷ್ಟೂ ಕಾರು ಸ್ಟಾರ್ಟ್ ಆಗಲ್ಲ. ಐದನೇ ಸಲಕ್ಕೆ ಕೆಮ್ಮಿಕೊಂಡು ಎದ್ದರೆ, "ಚಳಿ ಅಲ್ವಾ, ಹಾಗೇನೇ" ಅಂತ ಓನರ್ರೇ ಸಮಾಧಾನ ಮಾಡಿಕೊಳ್ತಾರೆ. ನಾನಂತೂ ಇದನ್ನು ಒಪ್ಪಲ್ಲ. ಜನವರಿಯಲ್ಲಿ ನಮ್ಮೂರಿನ ಸರಾಸರಿ ಕನಿಷ್ಠ ತಾಪಮಾನ ಸುಮಾರು 15–16 ಡಿಗ್ರಿ. ದಾಖಲೆಯ ಚಳಿ ಅಂದರೆ 1884ರ ಜನವರಿಯ 7.8 ಡಿಗ್ರಿ. ಬ್ಯಾಟರಿ ಮೇಲೆ 'ಸಿಸಿಎ' ಅಂತ ಬರೆದಿರುವ ಅಂಕಿಯನ್ನು ಅಳೆಯೋದೇ ಮೈನಸ್ 18 ಡಿಗ್ರಿಯಲ್ಲಿ! ಒಳಗೆ ಆಗಲೇ ಇದ್ದ ಕಾಯಿಲೆಯನ್ನು ಬೆಂಗಳೂರಿನ ಚಳಿ ತೋರಿಸಿಕೊಡುತ್ತೆ, ಅಷ್ಟೆ.

ಕಾಯಿಲೆ ಎಲ್ಲಿದೆ ಅಂತ ತಿಳಿಯಲು ಮೊದಲು ಕಿವಿ ಸಾಕು. ಸೆಲ್ಫ್ ಎಳೆದೂ ಎಳೆದೂ ನಿಧಾನವಾಗಿ ತಿರುಗುತ್ತಾ? ಅಥವಾ ಗರ್ರಂತ ಜೋರಾಗಿ ತಿರುಗಿದರೂ ಇಂಜಿನ್ ಹಿಡಿಯಲ್ವಾ? ಎರಡೂ ಬೇರೆ ಬೇರೆ ದಾರಿ.

ನಿಧಾನ ಅಂದರೆ ವಿದ್ಯುತ್ತಿನ ಕಡೆ ನೋಡಬೇಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ಪೂರ್ತಿ ಇದೆ, 12.2 ಆದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬ್ಯಾಟರಿ ಸರಿಯಾಗೇ ಇದ್ದರೆ, ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್‌ಗೂ ಇಂಜಿನ್ ಬ್ಲಾಕಿಗೂ ಮಧ್ಯೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥ್ ವೈರ್ ಕೈಕೊಟ್ಟಿದೆ. ಅದಕ್ಕೆ ಎಷ್ಟೋ ಸಲ ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರೆ ಸಾಕು.

ಜೋರಾಗಿ ತಿರುಗಿಯೂ ಹಿಡಿಯದಿದ್ದರೆ ಪ್ಲಗ್, ಪೆಟ್ರೋಲ್ ಅಥವಾ ಸೆನ್ಸರ್. ಡೀಸೆಲ್ ಆದರೆ ಗ್ಲೋ ಪ್ಲಗ್. ಪೆಟ್ರೋಲ್ ಕಾರಿನಲ್ಲಿ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ, ಎರಡು ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಮೂರು ಸಲ ಹೀಗೆ ಮಾಡಿದ ಮೇಲೆ ತಕ್ಷಣ ಸ್ಟಾರ್ಟ್ ಆದರೆ, ರಾತ್ರಿ ಲೈನಿನ ಪ್ರೆಶರ್ ಇಳಿದುಹೋಗುತ್ತಿದೆ ಅಂತ ಅನುಮಾನ ಪಡಬಹುದು.

ಇನ್ನು ಸೆನ್ಸರ್. ಹಳೇ ಮಾರುತಿ 800ರಲ್ಲಿ ಬೆಳಿಗ್ಗೆ ಚೋಕ್ ಎಳೆಯುತ್ತಿದ್ದರು. ಆ ಕೆಲಸ ಈಗ ಕಂಪ್ಯೂಟರ್‌ದು. ಇಂಜಿನ್ ತಣ್ಣಗಿದೆ ಅಂತ ಅದಕ್ಕೆ ಹೇಳೋದು ಕೂಲೆಂಟ್ ಸೆನ್ಸರ್. ಬೆಳಿಗ್ಗೆ ಆರಕ್ಕೆ ಆ ಸೆನ್ಸರ್ "80 ಡಿಗ್ರಿ" ಅಂತ ಸುಳ್ಳು ಹೇಳಿದರೆ ಪೆಟ್ರೋಲ್ ಸಾಲಲ್ಲ. ಒಬಿಡಿ ರೀಡರ್ ಹಾಕಿ, ಸ್ಟಾರ್ಟ್ ಮಾಡುವ ಮೊದಲೇ ಕೂಲೆಂಟ್ ಮತ್ತು ಒಳಬರುವ ಗಾಳಿಯ ತಾಪಮಾನ ಎರಡನ್ನೂ ನೋಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು.

ನಮ್ಮ ಬಸವೇಶ್ವರನಗರದ ರಸ್ತೆಯಲ್ಲಿ ಸ್ಕೂಲ್ ವ್ಯಾನ್ ಓಡಿಸುವ ಅಣ್ಣ ಒಬ್ಬರಿದ್ದಾರೆ. ಮೊದಲು ಹೊಸ ಬ್ಯಾಟರಿ ಹಾಕಿಸಿದರು, ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿಸಿದರು. ವ್ಯಾನ್ ಲೇಟಾಗಿ ಲೇಟಾಗಿ ಎರಡು ಮನೆಯವರು ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು. ಕೊನೆಗೆ ಸಿಕ್ಕಿಬಿದ್ದದ್ದು ಕೆಲವು ನೂರು ರೂಪಾಯಿಯ ಸೆನ್ಸರ್. ಅವರ ಸೆಲ್ಫ್ ಮೊದಲಿಂದಲೂ ಜೋರಾಗೇ ತಿರುಗುತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ಮೆಕ್ಯಾನಿಕ್‌ನ ಬಯ್ಯೋದು ಸುಲಭ. ಆದರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ದೋಷ ಮಾಯವಾಗಿರುತ್ತೆ. ನೋಡಬೇಕಾದರೆ ರಾತ್ರಿ ಗಾಡಿ ಅಲ್ಲೇ ಬಿಡಬೇಕು. ರಾಜಾಜಿನಗರದ ಗಲ್ಲಿ ಗ್ಯಾರೇಜಿನಲ್ಲಿ ಅದಕ್ಕೆ ಜಾಗ ಎಲ್ಲಿದೆ? ಜಾಗ ಇದ್ದರೂ ನಾವು "ಬರೀ ಚೆಕ್ ಮಾಡಿದ್ದಕ್ಕೂ ದುಡ್ಡಾ?" ಅಂತ ಕೇಳ್ತೀವಿ. ಜೆ.ಸಿ. ರೋಡಿಂದ ತಂದ ಪಾರ್ಟಿಗೆ ಮಾತಿಲ್ಲದೆ ಕೊಡ್ತೀವಿ, ತಲೆ ಓಡಿಸಿದ್ದಕ್ಕೆ ಕೊಡಲ್ಲ. ಹೀಗಿದ್ದರೆ ಅವರೂ ಅಂದಾಜಿನ ಮೇಲೆ ಪಾರ್ಟ್ ಬದಲಾಯಿಸ್ತಾ ಹೋಗ್ತಾರೆ.

ನಮ್ಮ ಕಾಲೇಜುಗಳ ಕಥೆಯೂ ಇದೇ. ಲ್ಯಾಬಿನ ಇಂಜಿನ್ ಯಾವತ್ತೂ ಕೆಟ್ಟಿರಲ್ಲ. ಮೋರ್ಸ್ ಟೆಸ್ಟ್ ಮಾಡ್ತೀವಿ, ಗ್ರಾಫ್ ಎಳೀತೀವಿ, ಸೈನ್ ಹಾಕಿಸ್ಕೊಳ್ತೀವಿ. ನನ್ನ ಸಲಹೆ ಇಷ್ಟೇ. ಒಂದು ಹಳೇ ಇಂಜಿನ್ ಇಟ್ಟು, ಹಿಂದಿನ ಸಂಜೆಯೇ ಅದರಲ್ಲೊಂದು ದೋಷ ಬಚ್ಚಿಡಿ: ಸಡಿಲ ಅರ್ಥ್ ವೈರ್, ಅಥವಾ ಕೂಲೆಂಟ್ ಸೆನ್ಸರ್ ಜಾಗದಲ್ಲಿ ಸುಮಾರು 300 ಓಮ್‌ನ ರೆಸಿಸ್ಟರ್. ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ ಮಾಡಿದರು, ಯಾಕೆ ಅನ್ನೋದಕ್ಕೆ ಮಾರ್ಕ್ಸ್ ಕೊಡಿ. "ಇನ್ನೇನು ಎಲ್ಲಾ ಇವಿ ಆಗುತ್ತೆ ಬಿಡು" ಅನ್ನುವವರಿಗೆ ಒಂದು ಮಾತು: ಹೆಚ್ಚಿನ ಇವಿಗಳಲ್ಲೂ 12 ವೋಲ್ಟ್ ಬ್ಯಾಟರಿ ಇರುತ್ತೆ, ಅದು ಮಲಗಿದರೆ ಆ ಕಾರೂ ಏಳಲ್ಲ.

ಅಲ್ಲಿಯವರೆಗೆ ನಮ್ಮ ಕೈಲಾಗುವ ಕೆಲಸ ಒಂದಿದೆ. ಗಾಡಿ ತಣ್ಣಗಿದ್ದಾಗ ಸೆಲ್ಫ್ ಹೊಡೆಯುವ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವೋಲ್ಟೇಜ್ ಬರೆದುಕೊಂಡು ಮೆಕ್ಯಾನಿಕ್‌ಗೆ ಕೊಡಿ. ದೋಷ ಹುಡುಕಿಕೊಟ್ಟರೆ, ಪಾರ್ಟ್ ಹಾಕದಿದ್ದರೂ ಕೂಲಿ ಕೊಟ್ಟು ಬನ್ನಿ.